ಪೀಪಿ ಮೇಷ್ಟ್ರು ಗೋಡೆತಾಯಿಯ ಕಿಟಕಿಯಲ್ಲಿ ಕೂತಿದ್ದು

ಅನುಭವಿ ಎಂದರೆ ಅನುಭವ ಉಳ್ಳವನು. ಅನುಭಾವಿ ಎಂದರೆ ದೇವರನ್ನು ತನ್ನೊಳಗೇ ಕಂಡವನು. ಎರಡಕ್ಕೂ ನಡುವೆ ಇರುವುದು ಒಂದೇ ಒಂದು ದೀರ್ಘ. ಆ ದೀರ್ಘಕ್ಕೆ ಕಾಲು ಸಿಕ್ಕಿಸಿಕೊಂಡು ಪರದೇಶದಲ್ಲಿ ಹೋಗಿ ಬಿದ್ದವರು ನಮ್ಮ ಕಾಲೇಜಿನ ದೈಹಿಕ ಶಿಕ್ಷಣ ನಿರ್ದೇಶಕರು. ಹುದ್ದೆಯ ಹೆಸರು ಬಾಯಿ ತುಂಬುವಷ್ಟಿದ್ದರಿಂದ ಅದನ್ನು ಯಾರೂ ಬಳಸುತ್ತಿರಲಿಲ್ಲ. ಎಲ್ಲರಿಗೂ ಅವರು ಪೀಪಿ ಮೇಷ್ಟ್ರು. ಕೊರಳಲ್ಲಿ ಸದಾ ಒಂದು ಪೀಪಿ ನೇತಾಡುತ್ತಿತ್ತು. ಅದನ್ನು ಊದದೆ ಅವರಿಗೆ ಮಾತು ಶುರು ಮಾಡಲು ಬರುತ್ತಿರಲಿಲ್ಲ.

ಇತಿಹಾಸದ ಮೇಡಂ ವರ್ಷವಿಡೀ ಓಡಾಡಿ ತಮ್ಮ ವಿದ್ಯಾರ್ಥಿಗಳಿಗೆ ಒಂದು ಪ್ರವಾಸ ಹೊಂದಿಸಿದ್ದರು. ಹೊರದೇಶದ ಒಂದು ಹಳೆಯ ಪಟ್ಟಣದಲ್ಲಿ ಶತಮಾನಗಳ ಹಿಂದೆ ಒಬ್ಬ ಕ್ರೈಸ್ತ ಅನುಭಾವಿ ಇದ್ದಳು. ಚರ್ಚಿನ ಗೋಡೆಗೆ ಆತುಕೊಂಡಂತೆ ಒಂದು ಕೋಣೆ ಕಟ್ಟಿಸಿಕೊಂಡು, ಒಳಗೆ ಹೋಗಿ, ಬಾಗಿಲಿಗೆ ಇಟ್ಟಿಗೆ ಇಡಿಸಿಬಿಟ್ಟಳು. ಬೀದಿಯ ಕಡೆಗೆ ಒಂದು ಕಿಟಕಿ ಮಾತ್ರ ಇತ್ತು. ಜನ ಆ ಕಿಟಕಿಗೆ ಬಂದು ಸಂಕಟ ಹೇಳಿಕೊಳ್ಳುವುದು, ಅವಳು ಕೇಳುವುದು. ಸಾಯುವ ತನಕ ಅಷ್ಟೇ ಕೆಲಸ. ಆ ಊರಿನವರು ಅವಳನ್ನು ಗೋಡೆತಾಯಿ ಅನ್ನುತ್ತಿದ್ದರು. ವಿದ್ಯಾರ್ಥಿಗಳು ಅಲ್ಲಿನ ಸನ್ಯಾಸಿನಿಯರ ಮಠದಲ್ಲಿ ಒಂದು ವಾರ ಉಳಿದು ಅವಳ ಬದುಕನ್ನು ಅಧ್ಯಯನ ಮಾಡುವುದೆಂದು ತೀರ್ಮಾನವಾಯಿತು. ಎಲ್ಲ ಹೊಂದಿದ ಮೇಲೆ ಮೇಡಂ ಮೆಟ್ಟಿಲು ಜಾರಿ ಕಾಲು ಮುರಿದುಕೊಂಡರು.

ಪ್ರಿನ್ಸಿಪಾಲರು ಅಧ್ಯಾಪಕರ ಸಭೆ ಕರೆದರು. ಊಟವಾದ ಮೇಲಿನ ಸಭೆ. ಪೀಪಿ ಮೇಷ್ಟ್ರು ಫ್ಯಾನಿನ ಕೆಳಗೆ ಕೂತು, ಕಣ್ಣು ತೆರೆದುಕೊಂಡೇ ನಿದ್ದೆ ಮಾಡುವ ತಮ್ಮ ಹಳೆಯ ವಿದ್ಯೆಯನ್ನು ಪ್ರಯೋಗಿಸುತ್ತಿದ್ದರು.

"ಇದು ಸಾಮಾನ್ಯ ಪ್ರವಾಸ ಅಲ್ಲ," ಅಂದರು ಪ್ರಿನ್ಸಿಪಾಲರು. "ವಿಷಯವೇ ಅನುಭಾವಿ. ನಿಮ್ಮಲ್ಲಿ ಯಾರಾದರೂ ಅನುಭಾವಿ ಇದ್ದಿದ್ದರೆ ಕಣ್ಣು ಮುಚ್ಚಿಕೊಂಡು ಕಳಿಸ್ತಿದ್ದೆ."

ಇದು ತಮಾಷೆಯ ಮಾತು. ನಗುವುದಕ್ಕೆ ಎಲ್ಲರೂ ತಯಾರಾಗುತ್ತಿದ್ದಾಗ ಮೇಷ್ಟ್ರು ಎದ್ದು ನಿಂತರು. ಆಟಗಾರರ ತಂಡ ಕಟ್ಟಿಕೊಂಡು ಊರೂರು ಸುತ್ತಿದವರು ಆ ಕೋಣೆಯಲ್ಲಿ ಅವರೊಬ್ಬರೇ. ಅನುಭವಿಗಳನ್ನು ಹುಡುಕುತ್ತಿದ್ದಾರೆ ಎಂದರೆ ತಮ್ಮನ್ನೇ ಹುಡುಕುತ್ತಿದ್ದಾರೆ ಎಂದು ಅವರಿಗೆ ಅನ್ನಿಸಿದ್ದರಲ್ಲಿ ತಪ್ಪೇನೂ ಇಲ್ಲ.

"ನಾನಿದ್ದೀನಲ್ಲ ಸರ್."

"ನೀವು ಅನುಭಾವಿಯಾ?"

"ಏನ್ ಸರ್ ಹೀಗೆ ಕೇಳ್ತೀರಿ. ಕೆಲಸಕ್ಕೆ ಸೇರಿದಾಗಿಂದ."

ಪ್ರಿನ್ಸಿಪಾಲರು ಕನ್ನಡಕ ತೆಗೆದು ಒರೆಸಿ ಮತ್ತೆ ಹಾಕಿಕೊಂಡು ನೋಡಿದರು. "ನಮಗ್ಯಾರಿಗೂ ಗೊತ್ತೇ ಆಗ್ಲಿಲ್ಲವಲ್ಲ."

"ಹೇಳ್ಕೊಂಡು ತಿರುಗೋ ವಿಷಯ ಅಲ್ಲವಲ್ಲ ಸರ್."

"ಅದು... ಹೇಗಿರುತ್ತೆ?"

"ಮೊದಮೊದಲು ತಲೆ ಸುತ್ತುತ್ತೆ ಸರ್, ವಾಂತಿ ಬಂದಹಾಗಾಗುತ್ತೆ. ಆಮೇಲೆ ಅಭ್ಯಾಸ ಆಗಿಬಿಡುತ್ತೆ."

"ಮನೇಲಿ ಒಪ್ಪಿದ್ದಾರಾ?"

"ಅವಳಿಗೂ ಆರಾಮವೇ ಸರ್, ನಾನು ಇಲ್ಲದಿದ್ರೆ."

ಪ್ರಿನ್ಸಿಪಾಲರು ಎದ್ದು ಕೈ ಮುಗಿದರು. ಇಷ್ಟು ವರ್ಷ ತಾವು ಇಂಥವರ ಕೈಯಲ್ಲಿ ಮೈದಾನದ ಹುಲ್ಲು ಕೀಳಿಸಿದ್ದು ನೆನಪಾಗಿ ಅವರಿಗೆ ನಾಚಿಕೆಯೂ ಆಯಿತು. ಸಂಜೆಯೇ ಮಠಕ್ಕೆ ಫೋನು ಮಾಡಿಸಿ, ಬರುತ್ತಿರುವವರು ಬರೀ ಅಧ್ಯಾಪಕರಲ್ಲ, ಸ್ವತಃ ಅನುಭಾವಿಗಳು, ನೋಡಲು ಹಾಗೆ ಕಾಣುವುದಿಲ್ಲ ಅಷ್ಟೇ ಎಂದು ತಿಳಿಸಿದರು. ವಿದ್ಯಾರ್ಥಿಗಳನ್ನೂ ಕರೆದು, ಸರ್ ಸುಮ್ಮನಿದ್ದಾಗ ಮಾತಾಡಿಸಬೇಡಿ ಎಂದರು.

ಮೇಷ್ಟ್ರಿಗೆ ಮೊದಲು ಗಲಿಬಿಲಿಯಾಗಿದ್ದು ವಿಮಾನದಲ್ಲಿ. ಅವರು ಕಿಟಕಿಯಿಂದ ಮೋಡ ನೋಡುತ್ತ ಆಕಳಿಸಿದರೆ ಮಕ್ಕಳು ತಮ್ಮತಮ್ಮಲ್ಲೇ ಶ್ ಅನ್ನುತ್ತಿದ್ದರು. ಇಷ್ಟು ಶಿಸ್ತಿನ ಮಕ್ಕಳನ್ನು ಅವರು ಎಂದೂ ಕಂಡಿರಲಿಲ್ಲ. ಪೀಪಿ ಊದುವುದಕ್ಕೆ ಒಂದು ಅವಕಾಶವನ್ನೂ ಕೊಡದ ಮಕ್ಕಳ ಮೇಲೆ ಅವರಿಗೆ ಸಣ್ಣಗೆ ಸಿಟ್ಟೂ ಬಂತು.

ಮಠದ ಬಾಗಿಲಲ್ಲಿ ಅಲ್ಲಿನ ಮುಖ್ಯಸ್ಥೆ ನಿಂತಿದ್ದರು. ಎತ್ತರದ ಮುದುಕಿ, ಮಕ್ಕಳು ಅವರನ್ನು ದೊಡ್ಡ ಸಿಸ್ಟರ್ ಎಂದು ಕರೆದರು. ಅವರ ಭಾಷೆ ಬರುತ್ತಿದ್ದದ್ದು ಗುಂಪಿನಲ್ಲಿ ಒಬ್ಬಳಿಗೆ ಮಾತ್ರ. ಅವಳಿಗೆ ಗೆಳತಿಯರು ಡಿಕ್ಷನರಿ ಎಂದು ಹೆಸರಿಟ್ಟಿದ್ದರು. ಮಕ್ಕಳಿಗೆಲ್ಲ ಮಹಡಿಯ ಮೇಲೆ ಮೆತ್ತನೆ ಹಾಸಿಗೆ, ದಪ್ಪ ಹೊದಿಕೆ, ಬಿಸಿನೀರು. ಊಟಕ್ಕೆ ಬೆಣ್ಣೆ, ಚೀಸು, ಮೊಟ್ಟೆ, ಹಣ್ಣಿನ ಕೇಕು. ಮೇಷ್ಟ್ರನ್ನು ಮಾತ್ರ ದೊಡ್ಡ ಸಿಸ್ಟರ್ ಬಹಳ ಗೌರವದಿಂದ ಅಂಗಳ ದಾಟಿಸಿ ಹಿಂದಿನ ಕೋಣೆಗೆ ಕರೆದುಕೊಂಡು ಹೋದರು. ಅಲ್ಲಿ ಒಂದು ಹಲಗೆ, ಒಂದು ಕಂಬಳಿ, ಮೂರು ಕಾಲಿನ ಒಂದು ಸ್ಟೂಲು. ದಿಂಬು ಇರಲಿಲ್ಲ. ಊಟವೆಂದು ಬಂದದ್ದು ತಟ್ಟೆಯ ತಳ ಕಾಣುವಂಥ ತೆಳ್ಳನೆಯ ಸೂಪು ಮತ್ತು ಒಣಗಿದ ಬ್ರೆಡ್ಡಿನ ತುಂಡು.

ಮೇಷ್ಟ್ರು ಡಿಕ್ಷನರಿಯನ್ನು ಪಕ್ಕಕ್ಕೆ ಕರೆದರು. "ನನ್ನ ಮೇಲೆ ಏನಾದ್ರೂ ದೂರು ಬಂದಿದೆಯೇನಮ್ಮ?"

"ಇಲ್ಲ ಸರ್. ನಿಮ್ಮಂಥವರಿಗೆ ಇದೇ ಸರಿ ಅಂತ ಅವರಿಗೆ ಗೊತ್ತಂತೆ."

ನಿಮ್ಮಂಥವರು ಎಂಬ ಮಾತು ಮೇಷ್ಟ್ರ ಎದೆಗೆ ನಾಟಿತು. ಆಟದ ಮೇಷ್ಟ್ರುಗಳನ್ನು ಕಾಲೇಜಿನಲ್ಲಿ ಕೀಳಾಗಿ ಕಾಣುವುದು ಅವರಿಗೆ ಗೊತ್ತಿದ್ದದ್ದೇ. ಅದು ಸಮುದ್ರ ದಾಟಿ ಇಲ್ಲಿಗೂ ಬಂದಿದೆ ಎಂದು ಗೊತ್ತಿರಲಿಲ್ಲ. ತಮ್ಮ ಇಡೀ ವೃತ್ತಿಯ ಮಾನ ಉಳಿಸುವುದಕ್ಕಾಗಿ ಅವರು ಆ ಸೂಪನ್ನು ಒಂದು ಮಾತೂ ಆಡದೆ ಕುಡಿದರು. ಇದನ್ನು ನೋಡಿದ ಅಡುಗೆಯ ಸಿಸ್ಟರ್ ಮರುದಿನದಿಂದ ಬ್ರೆಡ್ಡನ್ನೂ ನಿಲ್ಲಿಸಿದರು.

ಬೆಳಗಿನ ಜಾವ ಮೌನ ಪ್ರಾರ್ಥನೆ. ಮೇಷ್ಟ್ರು ಬೆನ್ನು ನೆಟ್ಟಗೆ ಇಟ್ಟುಕೊಂಡು, ಗಲ್ಲ ಎತ್ತಿ, ಅಲುಗಾಡದೆ ಕೂತರು. ಸಭೆ, ಭಾಷಣಗಳಲ್ಲಿ ವರ್ಷಗಟ್ಟಲೆ ಹೀಗೇ ಕೂತು ನಿದ್ದೆ ಮಾಡಿದವರು. ಎದ್ದ ಮೇಲೆ ದೊಡ್ಡ ಸಿಸ್ಟರ್ ಡಿಕ್ಷನರಿಯ ಮೂಲಕ, ಮೌನದಲ್ಲಿ ಏನು ಕಂಡಿರಿ ಎಂದು ಕೇಳಿದರು.

"ಏನೂ ಇಲ್ಲಮ್ಮ," ಅಂದರು ಮೇಷ್ಟ್ರು ಬೇಸರದಿಂದ. "ಹೊಟ್ಟೆ ಖಾಲಿ ಇತ್ತು. ಅದರ ಸದ್ದೇ ಕೇಳಿಸ್ತಿತ್ತು."

ಡಿಕ್ಷನರಿ ಒಳ್ಳೆಯ ಹುಡುಗಿ. ಹಿರಿಯರ ಎದುರಿಗೆ ಹೊಟ್ಟೆ ಎಂಬ ಪದ ಬಳಸಲು ಅವಳಿಗೆ ಸಂಕೋಚವಾಯಿತು. ಒಳಗೆ ಖಾಲಿ ಇತ್ತು, ಆ ಖಾಲಿಯ ಸದ್ದನ್ನು ಕೇಳುತ್ತಿದ್ದೆ ಎಂದು ಹೇಳಿದಳು. ಸಿಸ್ಟರುಗಳು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಅವತ್ತು ಸೂಪಿನಲ್ಲಿದ್ದ ಕ್ಯಾರೆಟ್ಟೂ ಹೋಯಿತು.

ಮಕ್ಕಳು ಹಗಲೆಲ್ಲ ಚರ್ಚು, ಗ್ರಂಥಾಲಯ, ಗೋಡೆತಾಯಿಯ ಕೋಣೆ ಎಂದು ತಿರುಗಿ ಟಿಪ್ಪಣಿ ಮಾಡಿಕೊಳ್ಳುತ್ತಿದ್ದರು. ಆ ಕೋಣೆಗೆ ಈಗ ಇಟ್ಟಿಗೆ ತೆಗೆದು ಬಾಗಿಲು ಇಟ್ಟಿದ್ದರು. ವಾರಕ್ಕೊಮ್ಮೆ ಬೀದಿಯ ಕಿಟಕಿ ತೆರೆದು ಒಬ್ಬ ಸಿಸ್ಟರ್ ಒಳಗೆ ಕೂರುತ್ತಿದ್ದರು. ಊರಿನವರು ಬಂದು ಹೇಳಿಕೊಳ್ಳುವುದನ್ನು ಹೇಳಿಕೊಂಡು ಹೋಗುತ್ತಿದ್ದರು. ಈ ಸಲ ಅತಿಥಿಗಳೇ ಕೂರಲಿ ಎಂದರು ದೊಡ್ಡ ಸಿಸ್ಟರ್.

"ಸರ್, ನಾಳೆ ಕಿಟಕೀಲಿ ನೀವು ಕೂರಬೇಕಂತೆ," ಅಂದಳು ಡಿಕ್ಷನರಿ. "ಜನ ಸಾಲಾಗಿ ಬರ್ತಾರಂತೆ."

ಮೇಷ್ಟ್ರ ಮುಖ ಅರಳಿತು. ಟಿಕೆಟ್ ಕೌಂಟರು. ಕಡೆಗೂ ತಮ್ಮ ಯೋಗ್ಯತೆ ಇವರಿಗೆ ತಿಳಿಯಿತು ಎಂದುಕೊಂಡರು. "ಸಾಲು ಒಂದು ನನ್ನ ಕೈಗೆ ಕೊಡು, ಹೆಂಗೆ ನಿಲ್ಲಿಸ್ತೀನಿ ನೋಡ್ತಿರು."

ಬೆಳಿಗ್ಗೆ ಕಿಟಕಿ ತೆರೆದಾಗ ಬೀದಿಯಲ್ಲಿ ಜನ ಮುದ್ದೆಯಾಗಿ ನಿಂತಿದ್ದರು. ಪರದೇಶದ ಅನುಭಾವಿ ಬಂದಿದ್ದಾರೆ ಎಂಬ ಸುದ್ದಿ ಹರಡಿತ್ತು. ಮೇಷ್ಟ್ರು ಪೀಪಿ ಊದಿದರು. ಆ ಬೀದಿಯಲ್ಲಿ ಅಂಥ ಸದ್ದು ಯಾವತ್ತೂ ಆಗಿರಲಿಲ್ಲ. ಪಾರಿವಾಳಗಳು ಎದ್ದವು, ಜನ ಸಾಲಾದರು.

ಮೊದಲು ಬಂದವಳು ಒಬ್ಬ ದರ್ಜಿ. ಡಿಕ್ಷನರಿ ಕಿಟಕಿಯ ಹೊರಗೆ ನಿಂತು ಅನುವಾದಿಸಿದಳು: "ಇವರಿಗೆ ಮನಸ್ಸೆಲ್ಲ ಭಾರ ಆಗಿದೆಯಂತೆ ಸರ್."

ಟಿಕೆಟ್ಟಿಗೂ ಮನಸ್ಸಿನ ಭಾರಕ್ಕೂ ಏನು ಸಂಬಂಧ ಎಂದು ಮೇಷ್ಟ್ರಿಗೆ ಹೊಳೆಯಲಿಲ್ಲ. ಆದರೆ ಹೆಂಗಸು ಗೂನು ಹಾಕಿಕೊಂಡು ನಿಂತಿದ್ದು ಕಣ್ಣಿಗೆ ಬಿತ್ತು. "ಹೀಗೆ ಬಗ್ಗಿ ನಿಂತರೆ ಭಾರ ಆಗದೆ ಇನ್ನೇನು. ನೆಟ್ಟಗೆ ನಿಂತ್ಕೊಳ್ಳಿ. ಉಸಿರು ಎಳ್ಕೊಳ್ಳಿ. ಹಿಡೀರಿ. ಬಿಡಿ. ಇನ್ನೊಂದು ಸಲ." ಹೆಂಗಸು ಮಾಡಿದಳು, ಬಿಟ್ಟಳು, ಕಣ್ಣೊರೆಸಿಕೊಂಡು ಹೋದಳು. ಹಿಂದಿದ್ದವರೂ ತಾವಾಗಿಯೇ ನೆಟ್ಟಗೆ ನಿಂತರು.

ಇನ್ನೂ ಕೆಲವರು ಹೀಗೇ ಬಂದು ಹೋದ ಮೇಲೆ ಡಿಕ್ಷನರಿಯ ಫೋನು ಬಡಿದುಕೊಂಡು, ಅವಳು ಅಂಗಳದ ಕಡೆಗೆ ಓಡಿದಳು. ಮೇಷ್ಟ್ರು ಒಬ್ಬರೇ ಉಳಿದರು. ಜನ ತಮ್ಮ ಭಾಷೆಯಲ್ಲೇ ಹೇಳತೊಡಗಿದರು. ಮೇಷ್ಟ್ರು ತಲೆಯಾಡಿಸುತ್ತ ಕೂತರು. ಒಬ್ಬ ಮುದುಕ ಬಹಳ ಹೊತ್ತು ಮಾತಾಡಿ, ಕೊನೆಗೆ ಎರಡೂ ಕೈ ಚಾಚಿ ಏನೋ ಕೇಳಿದ. ಇಷ್ಟು ತಹತಹದಿಂದ ಒಬ್ಬ ಮುದುಕ ಕೇಳುವುದು ಏನನ್ನು ಎಂದು ಮೇಷ್ಟ್ರಿಗೆ ಗೊತ್ತಿತ್ತು. ಶೌಚಾಲಯ ಎಡಗಡೆ ಇತ್ತು, ಎಡಗಡೆ ತೋರಿಸಿದರು. ಮುದುಕ ಸ್ವಲ್ಪ ಹೊತ್ತು ಆ ದಿಕ್ಕನ್ನೇ ನೋಡುತ್ತ ನಿಂತು, ಟೊಪ್ಪಿ ತೆಗೆದು, ಎಡಗಡೆ ಹೋದ. ಮಾತು ಬಿಟ್ಟಿದ್ದ ಅವನ ತಂಗಿಯ ಮನೆ ಅದೇ ಕಡೆ ಇತ್ತು ಎಂದು ಆಮೇಲೆ ತಿಳಿಯಿತು. ತಂಗಿ ಬಾಗಿಲು ತೆರೆದಳಂತೆ. ಆದರೆ ಮೇಷ್ಟ್ರಿಗೆ, ಅಷ್ಟು ಅವಸರವಿದ್ದ ಮನುಷ್ಯ ಶೌಚಾಲಯ ದಾಟಿ ಯಾಕೆ ಹೋದ ಎಂಬುದು ಇವತ್ತಿಗೂ ಬಗೆಹರಿದಿಲ್ಲ.

ಇತ್ತ ನಮ್ಮೂರಿನಲ್ಲಿ ಆಗಿದ್ದು ಇಷ್ಟು. ಗುಂಪಿನಲ್ಲಿ ಒಬ್ಬ ಹುಡುಗ ದಿನಕ್ಕೆ ಹಲವು ಸಲ ತಾಯಿಗೆ ಫೋನು ಮಾಡುವವನು. ಗೋಡೆತಾಯಿಯ ಕೋಣೆಗೆ ಹೋದವರು ಸಾಯುವ ತನಕ ಹೊರಗೆ ಬರುವಂತಿರಲಿಲ್ಲ ಎಂದು ಒಮ್ಮೆ ಹೇಳಿದ್ದ. ಸರ್ ಇವತ್ತು ಆ ಕೋಣೆಯಲ್ಲಿ ಕೂತಿದ್ದಾರೆ ಎಂದು ಇನ್ನೊಮ್ಮೆ ಹೇಳಿದ. ಎರಡೂ ನಿಜವೇ. ಜೋಡಿಸಿದ್ದು ತಾಯಿ. ಜೋಡಿಸಿಕೊಂಡು ಆಕೆ ನೆಟ್ಟಗೆ ಹೋಗಿದ್ದು ಅಂಚೆ ಕಚೇರಿಗೆ. ಮೇಷ್ಟ್ರ ಹೆಂಡತಿ ಅಲ್ಲಿ ಪಾರ್ಸೆಲ್ ಕೌಂಟರಿನಲ್ಲಿದ್ದರು.

"ಮೇಡಂ, ನಿಮ್ಮ ಯಜಮಾನ್ರು ಗೋಡೆಯೊಳಗೆ ಹೋಗ್ಬಿಟ್ರಂತಲ್ಲ."

"ಯಾವ ಗೋಡೆ?"

"ಪರದೇಶದ್ದು. ಇನ್ನು ಬರೋ ಹಾಗಿಲ್ಲವಂತೆ. ಕಿಟಕಿ ಮಾತ್ರ ಬಿಟ್ಟಿದ್ದಾರಂತೆ."

ಸಾಲಿನಲ್ಲಿದ್ದವರೆಲ್ಲ ಒಂದು ಹೆಜ್ಜೆ ಮುಂದೆ ಬಂದರು. "ಅದೃಷ್ಟವಂತರು," ಅಂದ ಒಬ್ಬ. "ಆ ಮನುಷ್ಯ ನನ್ನ ಮಗನ ಕೈಲಿ ಮೈದಾನ ಸುತ್ತಿಸಿದಾಗ್ಲೇ ಅಂದ್ಕೊಂಡೆ," ಅಂದಳು ಒಬ್ಬಳು. ಇನ್ನೊಬ್ಬ, ತನ್ನ ಪಾರ್ಸೆಲ್ ತೂಕ ಆಯಿತೇ ಎಂದು ಮೆಲ್ಲಗೆ ಕೇಳಿದ. ಹೆಂಡತಿ ಆ ಪಾರ್ಸೆಲ್ ತೂಗಿದರು, ಮುಂದಿನದನ್ನು ತೂಗಿದರು. ಮೊಹರು ಮಾತ್ರ ಒಂದೇ ಪಾರ್ಸೆಲಿಗೆ ಎರಡು ಸಲ ಬಿತ್ತು. ಸಾಲು ಮುಗಿದ ಮೇಲೆ ಎದ್ದು, ಅಣ್ಣನನ್ನು ಕರೆದುಕೊಂಡು ಕಾಲೇಜಿಗೆ ಹೋದರು.

ಪ್ರಿನ್ಸಿಪಾಲರು ಎದ್ದು ನಿಂತು ಬರಮಾಡಿಕೊಂಡರು. "ಅಮ್ಮ, ಇದು ಇವತ್ತು ನಿನ್ನೆಯದಲ್ಲ. ಕೆಲಸಕ್ಕೆ ಸೇರಿದಾಗಿಂದ ಅವರ ಒಳಗೇ ಇತ್ತು."

"ನಿಮಗೆ ಹೇಳಿದ್ರಾ?"

"ಎಲ್ಲರ ಎದುರಿಗೇ ಹೇಳಿದರು. ನಿಮಗೂ ಅದೇ ಆರಾಮ ಅಂದರು."

ಹೆಂಡತಿ ಕುರ್ಚಿ ಹಿಡಿದುಕೊಂಡು ಕೂತರು. ಅಣ್ಣ ವಿಮಾ ಏಜೆಂಟು. ಸಂಕಟ ಬಂದಾಗ ಅವನಿಗೆ ಪಾಲಿಸಿಯೇ ನೆನಪಾಗುವುದು. "ಸಾವಿಗೆ ಇದೆ, ಕೈಕಾಲು ಹೋದರೆ ಇದೆ," ಅಂದ ಯೋಚನೆ ಮಾಡುತ್ತ. "ಇದಕ್ಕೆ ಇಲ್ಲ ಕಣಮ್ಮ." ತಂಗಿ ಅವನ ಕಡೆ ನೋಡಲಿಲ್ಲ. "ನಾನು ಅವರ ಮುಖ ನೋಡಬೇಕು," ಎಂದಷ್ಟೇ ಹೇಳಿದರು. ಪ್ರಿನ್ಸಿಪಾಲರು ವಿಡಿಯೊ ಕರೆ ಮಾಡಿದರು. ಡಿಕ್ಷನರಿಯ ಫೋನು ಬಡಿದುಕೊಂಡದ್ದು ಆಗ.

ಅವಳು ಫೋನು ಹಿಡಿದು ಕಿಟಕಿಗೆ ಓಡಿ ಬಂದಳು. ಸಾಲು ಮುರಿದವರಿಗೆಲ್ಲ ಆಗುವುದೇ ಅವಳಿಗೂ ಆಯಿತು. ಪೀಪಿ ಕೂಗಿತು. ಹುಡುಗಿ ತೆಪ್ಪಗೆ ಹೋಗಿ ಸಾಲಿನ ಕೊನೆಯಲ್ಲಿ ನಿಂತಳು. ಫೋನಿನ ಆ ತುದಿಯಲ್ಲಿ ಹೆಂಡತಿ, ಅಣ್ಣ, ಪ್ರಿನ್ಸಿಪಾಲರು ಮೂವರೂ ಪರದೇಶದವರ ಬೆನ್ನುಗಳನ್ನು ನೋಡುತ್ತ, ಒಂದೊಂದೇ ಹೆಜ್ಜೆ ಮುಂದೆ ಸರಿಯುತ್ತ ಬಂದರು.

"ಮುಂದಿನವರು," ಅಂದರು ಮೇಷ್ಟ್ರು. ಕಿಟಕಿಗೆ ಒಂದು ಫೋನು ಬಂತು. "ಫೋನೆಲ್ಲ ಇಲ್ಲಿ ಬೇಡಮ್ಮ. ಯಾರಿದ್ರೂ ಸಾಲಲ್ಲೇ ಬರಬೇಕು."

"ಸಾಲಲ್ಲೇ ಬಂದಿದ್ದೀನಿ," ಅಂದಿತು ಫೋನು.

ಮೇಷ್ಟ್ರು ಕಿಟಕಿಗೆ ಮುಖ ತಂದು ನೋಡಿದರು. ಹೆಂಡತಿಯೂ ನೋಡಿದರು. ಸರಳುಗಳ ಹಿಂದೆ ಗಂಡ. ಸೂಪು ಕುಡಿದು ಕುಡಿದು ಕೆನ್ನೆ ಒಳಗೆ ಹೋಗಿತ್ತು.

"ಬಿಟ್ಟು ಹೋಗೋದೇ ಆಗಿದ್ರೆ ಎದುರಿಗೆ ಹೇಳಬಹುದಿತ್ತು," ಅಂದರು ಹೆಂಡತಿ. "ನಾನು ಬಡ್ತಿ ತಗೊಂಡಿದ್ದು ಇಷ್ಟ ಆಗ್ಲಿಲ್ಲ ಅಂತ ಒಂದು ಮಾತು ಅಂದಿದ್ರೆ ಸಾಕಿತ್ತು."

"ಯಾವ ಬಡ್ತಿ?"

ಬೆಳಗಿನಿಂದ ಅನುವಾದ ಮಾಡಿ ಮಾಡಿ ರೂಢಿಯಾಗಿದ್ದ ಡಿಕ್ಷನರಿ, ಈ ಮಾತುಗಳನ್ನೂ ಸಾಲಿಗೆ ಹೇಳಿಬಿಟ್ಟಳು. ಸಾಲು ಗುಜುಗುಜು ಅಂತು.

"ಎರಡು ಸಲ ಹೇಳಿದ್ದೆ. ಒಂದು ಸಲ ನೀವು ಶೂಗೆ ಪಾಲಿಶ್ ಹಾಕ್ತಿದ್ರಿ. ಇನ್ನೊಂದು ಸಲ ಸೂಟ್‌ಕೇಸ್ ಮುಚ್ಚೋಕೆ ಅದರ ಮೇಲೆ ಕೂತಿದ್ರಿ."

"ನಾನೇನಂದೆ?"

"ಹೂಂ ಅಂದ್ರಿ. ಅದನ್ನ ನಂಬ್ಕೊಂಡು ಒಪ್ಪಿಗೆ ಕೊಟ್ಟೆ."

ಮುಂದೆ ಆಗಿದ್ದು ಆ ಕಿಟಕಿಯ ಇತಿಹಾಸದಲ್ಲಿ ಎಂದೂ ಆಗದ್ದು. ಸಾಲಿನಿಂದ ಒಬ್ಬ ಮುದುಕಿ ಕೈಚೀಲ ತೂಗುತ್ತ ಮುಂದೆ ಬಂದು ಒಳಗಿದ್ದವರಿಗೇ ಬುದ್ಧಿ ಹೇಳತೊಡಗಿದಳು. ಮೇಷ್ಟ್ರು ಪೀಪಿಗೆ ಕೈ ಹಾಕಿದರು. ಅವಳು ಸರಳಿನೊಳಗೆ ಬೆರಳು ತೂರಿಸಿ, ಅದನ್ನು ಕೆಳಗೆ ಬಿಡು ಎಂಬಂತೆ ತೋರಿಸಿದಳು. ಬಿಟ್ಟರು.

"ಹೆಂಡತಿ ಹೇಳಿದ್ದು ಕೇಳದವನು ನಮ್ಮದೇನು ಕೇಳ್ತೀಯ ಅಂತಿದ್ದಾರೆ ಸರ್," ಅಂದಳು ಡಿಕ್ಷನರಿ ತಲೆ ತಗ್ಗಿಸಿ.

ಆಮೇಲೆ ಬೇಕರಿಯವನು ಬಂದ. ಬಟ್ಟೆಗೆಲ್ಲ ಹಿಟ್ಟು ಮೆತ್ತಿತ್ತು. "ನಾನೂ ಹೀಗೇ ಹೂಂ ಅಂತಿದ್ದೆ. ಈಗ ಮನೇಲಿ ಒಬ್ಬನೇ ಇದ್ದೀನಿ, ಹೂಂ ಅನ್ನೋಕೆ ಯಾರೂ ಇಲ್ಲ," ಅಂದ. ಮೇಷ್ಟ್ರು ಬೇಕರಿಯವನನ್ನು ನೋಡಿದರು. ಫೋನನ್ನು ನೋಡಿದರು. ಎಲ್ಲವೂ ಇನ್ನೂ ಗೋಜಲಾಗಿಯೇ ಇತ್ತು, ಆದರೆ ಆ ಗೋಜಲಿನ ನಡುವೆ ಹೆಂಡತಿಯ ಕಣ್ಣು ಕೆಂಪಾಗಿರುವುದು ಮಾತ್ರ ಕಂಡಿತು.

"ನಾನು ಎಲ್ಲೂ ಹೋಗಿಲ್ಲ ಕಣೇ. ಟಿಕೆಟ್ ಕೊಡೋಕೆ ಕೂರಿಸಿದ್ದಾರೆ. ಟಿಕೆಟ್ ಮಾತ್ರ ಇನ್ನೂ ಕೊಟ್ಟಿಲ್ಲ. ನೋಡು, ಬಾಗಿಲು ತೆರೆದೇ ಇದೆ." ಸ್ಟೂಲು ಸರಿಸಿ ಬಾಗಿಲು ತೋರಿಸಿದರು.

ಪರದೆಯ ಮೂಲೆಯಿಂದ ಪ್ರಿನ್ಸಿಪಾಲರ ಮುಖ ತೂರಿಬಂತು. "ಅನುಭಾವಿ ಅಂತ ನೀವೇ ಒಪ್ಕೊಂಡ್ರಲ್ಲ."

"ಅನುಭವಿ ಸರ್. ಟೀಮು ಕರ್ಕೊಂಡು ತಿರುಗಿರೋ ಅನುಭವ."

"ತಲೆ ಸುತ್ತೋದು, ವಾಂತಿ?"

"ಬಸ್ಸಲ್ಲಿ ಸರ್. ಹಿಂದಿನ ಸೀಟಲ್ಲಿ."

"ಓ," ಅಂದು ಪ್ರಿನ್ಸಿಪಾಲರು ಪರದೆಯಿಂದ ಮರೆಯಾದರು.

ಡಿಕ್ಷನರಿ ಅಳುಮುಖ ಮಾಡಿಕೊಂಡು ದೊಡ್ಡ ಸಿಸ್ಟರ್ ಬಳಿ ಹೋಗಿ ನಿಜ ಹೇಳಿದಳು. ಅವರು ತಲೆಯಾಡಿಸಿದರು. ಎರಡನೆಯ ದಿನವೇ ಗೊತ್ತಾಗಿತ್ತು, ಪ್ರಾರ್ಥನೆಯಲ್ಲಿ ಗೊರಕೆ ಕೇಳಿಸಿತು ಎಂದರು. ಮತ್ತೆ ಯಾಕೆ ಕೂರಿಸಿದಿರಿ ಎಂದರೆ, ಈ ವಾರ ಕೂರಬೇಕಾದ ಸಿಸ್ಟರಿಗೆ ಸೊಂಟ ಹಿಡಿದಿದೆ, ಇವರು ಹೇಗೂ ನೆಟ್ಟಗೆ ಕೂರುತ್ತಾರೆ ಎಂದರು. ಹಾಗಾದರೆ ಸೂಪು? ಅವರು ಹಣೆ ಒತ್ತಿಕೊಂಡರು. ಅಡುಗೆಯ ಸಿಸ್ಟರಿಗೆ ತಿಳಿಸುವುದು ಮರೆತೇ ಹೋಗಿತ್ತಂತೆ.

ಕಿಟಕಿಯಲ್ಲಿ ಮೇಷ್ಟ್ರು ಇನ್ನೂ ಫೋನಿಗೆ ಮುಖ ಕೊಟ್ಟುಕೊಂಡಿದ್ದರು.

"ಏನು ಬಡ್ತಿ ಅದು?"

"ಪೋಸ್ಟ್ ಮಾಸ್ಟರ್. ಚಿಕ್ಕ ಆಫೀಸು. ನಾವಿರೋ ಕಡೆಯಿಂದ ಬಸ್ಸಲ್ಲಿ ಒಂದೂವರೆ ಗಂಟೆ."

"ನೀನೇ ದೊಡ್ಡವಳಾ ಅಲ್ಲಿ?"

"ನಾನೇ. ಇನ್ನಿಬ್ಬರು ಇದ್ದಾರೆ."

ಮೇಷ್ಟ್ರು ಬೆನ್ನು ನೆಟ್ಟಗೆ ಮಾಡಿಕೊಂಡು ಕೂತರು. ಈ ಸಲ ನಿದ್ದೆ ಮಾಡುತ್ತಿರಲಿಲ್ಲ. "ಮನೆ ಅಲ್ಲೇ ಮಾಡೋಣ," ಅಂದರು. "ನಾನು ಬಸ್ಸಲ್ಲಿ ಓಡಾಡ್ತೀನಿ. ಮುಂದಿನ ಸೀಟಲ್ಲಿ ಕೂತರಾಯ್ತು."

ಡಿಕ್ಷನರಿ ವಾಪಸು ಬಂದು ಇದನ್ನೂ ಸಾಲಿಗೆ ಹೇಳಿದಳು. ಬೇಕರಿಯವನು ಮೂಗು ಸೀನಿಕೊಂಡ. ಮುದುಕಿ, ಈಗ ಪರವಾಗಿಲ್ಲ ಎಂದು ತನ್ನ ಜಾಗಕ್ಕೆ ಹೋದಳು.

"ನಾನಿನ್ನು ಏಳ್ತೀನಿ ಕಣೇ," ಅಂದರು ಮೇಷ್ಟ್ರು. "ನನಗೂ ಇದಕ್ಕೂ ಸಂಬಂಧ ಇಲ್ಲ ಅಂತ ಆಯ್ತಲ್ಲ."

"ಜನ ಇದ್ದಾರಾ ಇನ್ನೂ?"

"ಇದ್ದಾರೆ. ಬೀದಿ ತಿರುವಿನ ತನಕ."

"ಮುಗಿಸಿ ಏಳಿ. ಜನ ನಿಲ್ಲಿಸ್ಕೊಂಡು ಕೌಂಟರ್ ಬಿಟ್ಟು ಏಳಬಾರದು."

ಮುಗಿಸಿಯೇ ಎದ್ದರು. ಯಾರು ಏನು ಹೇಳಿದರು ಎಂದು ಅವರಿಗೆ ಅರ್ಧ ಅರ್ಥವಾಗಲಿಲ್ಲ. ಆದರೂ ಒಬ್ಬೊಬ್ಬರು ಮಾತು ಮುಗಿಸುವ ತನಕ ಹೂಂ ಅನ್ನದೆ ಕೂತಿದ್ದರಂತೆ. ಮಠದ ಊಟದ ಮನೆಯಲ್ಲಿ ಅವತ್ತು ಅವರು ತಿಂದ ಕೇಕನ್ನು ಮಕ್ಕಳು ಎಣಿಸಲು ಹೋಗಿ ಕೈಬಿಟ್ಟರು.

ಊರಿಗೆ ಬಂದ ಮೇಲೆ ಪ್ರಿನ್ಸಿಪಾಲರು ಮತ್ತೆ ಸಭೆ ಕರೆದು, ಇನ್ನು ಮುಂದೆ ಕಠಿಣ ಪದಗಳನ್ನು ಬೋರ್ಡಿನ ಮೇಲೆ ಬರೆದು ತೋರಿಸುವುದಾಗಿ ಹೇಳಿದರು. ಮೇಷ್ಟ್ರು ಮನೆ ಬದಲಾಯಿಸಿದರು. ಹೊಸ ಊರಿನಲ್ಲಿ ಅವರನ್ನು ಯಾರೂ ಅನುಭಾವಿ ಅನ್ನುವುದಿಲ್ಲ, ಪೀಪಿ ಮೇಷ್ಟ್ರು ಅನ್ನುವುದೂ ಇಲ್ಲ. ಪೋಸ್ಟ್ ಮೇಡಮ್ಮನವರ ಯಜಮಾನರು ಅನ್ನುತ್ತಾರೆ.

ಹೋದ ಮೊದಲ ಭಾನುವಾರ ಸಾಮಾನು ಜೋಡಿಸುತ್ತಿದ್ದರು. ಮೇಷ್ಟ್ರು ನಡುಮನೆಯಲ್ಲಿ ಮೊಳೆ ಹೊಡೆಯುತ್ತಿದ್ದಾಗ ಅಡುಗೆಮನೆಯಿಂದ ಹೆಂಡತಿ ಏನೋ ಅಂದಂತಾಯಿತು. ಸುತ್ತಿಗೆ ಕೆಳಗಿಟ್ಟು ಹೋಗಿ ಬಾಗಿಲಲ್ಲಿ ನಿಂತರು.

"ಏನಂದೆ?"

"ಏನಿಲ್ಲ."

"ಇಲ್ಲ, ಏನೋ ಅಂದೆ. ಹೇಳು."

"ಏನಿಲ್ಲ ಅಂದೆನಲ್ಲ."

ಮೇಷ್ಟ್ರು ಗಾಬರಿಯಾದರು. ಏನೂ ಇಲ್ಲದ್ದಕ್ಕೆ ಏನಿಲ್ಲ ಅಂದಳೋ, ಏನೋ ಇರುವುದಕ್ಕೇ ಏನಿಲ್ಲ ಅಂದಳೋ, ಎರಡನೆಯದಾದರೆ ಅದು ಎಂಥದ್ದೋ, ಇದನ್ನೆಲ್ಲ ತಿಳಿದುಕೊಳ್ಳದೆ ಕದಲಬಾರದೆಂದು ನಿರ್ಧರಿಸಿ, ಬೆನ್ನು ನೆಟ್ಟಗೆ ಮಾಡಿಕೊಂಡು, ಮಾತಿಲ್ಲದೆ ಅಲ್ಲೇ ನಿಂತರು.

ಹೆಂಡತಿ ತಿರುಗಿ ನೋಡಿದರು. "ನಿಂತಿರೋದೇ ಆದ್ರೆ ಆ ಮೇಲಿನ ಡಬ್ಬ ಇಳಿಸಿ ಕೊಡಿ," ಅಂದರು.